ಹಾಲು ಕಾಯುವಷ್ಟರಲ್ಲಿ ಒಂದು ಸಾಮು

ಮಂಡ್ಯದ ಓದುಗರೊಬ್ಬರ ಪತ್ರ: “ಬೆಳಗ್ಗೆ ಏಳೂವರೆ ಬಸ್ಸಿಗೆ ಮೈಸೂರಿಗೆ ಹೊರಟರೆ ಮನೆ ಸೇರುವುದು ರಾತ್ರಿ ಏಳಕ್ಕೆ. ಜನವರಿಯಲ್ಲಿ ಜಿಮ್‌ಗೆ ವರ್ಷದ ಹಣ ಕಟ್ಟಿ ಹತ್ತೊಂಬತ್ತು ದಿನ ಹೋದೆ, ಅಷ್ಟೆ. ನನಗೆ ಹಟವೇ ಇಲ್ಲ. ಏನು ಮಾಡಲಿ?”

ತಾಯಿ, ಏಳೂವರೆ ಬಸ್ಸನ್ನು ಒಂದು ದಿನವೂ ತಪ್ಪಿಸದವರಿಗೆ ಹಟವಿಲ್ಲ ಎಂದರೆ ನಾವು ಒಪ್ಪುವುದಿಲ್ಲ. ಬಸ್ಸಿಗೆ ಹೊತ್ತು ಗೊತ್ತಾಗಿದೆ. ವ್ಯಾಯಾಮವನ್ನು ಮಾತ್ರ ‘ಬಿಡುವಾದಾಗ’ ಎಂದು ಇಟ್ಟುಬಿಟ್ಟಿದ್ದೀರಿ. ನಿಮ್ಮ ದಿನದಲ್ಲಿ ಬಿಡುವು ಎಂಬುದು ಎಲ್ಲಿದೆ?

ಜಿಮ್ ಕೆಟ್ಟದ್ದಲ್ಲ, ಭಾರ ಎತ್ತುವುದನ್ನು ಸರಿಯಾಗಿ ಕಲಿಸುವವರು ಸಿಕ್ಕರೆ ಒಳ್ಳೆಯದೇ. ಆದರೆ ಮೈಸೂರಿನ ಗರಡಿಮನೆಗಳನ್ನು ನೋಡಿ. ಸಾಮಿಗೆ ಬಂದ ಹುಡುಗನನ್ನು ‘ಇವತ್ತು ಮನಸ್ಸಿದೆಯೇನಪ್ಪ’ ಎಂದು ಉಸ್ತಾದರು ಕೇಳುವುದಿಲ್ಲ. ಅದೇ ಹೊತ್ತು, ಅದೇ ಕೆಮ್ಮಣ್ಣಿನ ಮಟ್ಟಿ, ಕಾದು ನಿಂತ ಜೊತೆಯವನು. ಬಿಡದೆ ನಡೆಸುವುದು ಈ ಮೂರು.

ನಿಮ್ಮ ಗರಡಿ ಅಡುಗೆಮನೆಯಲ್ಲೇ ಇದೆ. ಬೆಳಗ್ಗೆ ಸಣ್ಣ ಉರಿಯಲ್ಲಿ ಹಾಲಿಟ್ಟರೆ ಉಕ್ಕಲು ಆರೇಳು ನಿಮಿಷ ಬೇಕು. ಅಷ್ಟರಲ್ಲಿ, ಒಲೆಯಿಂದ ದೂರಕ್ಕೆ ಕುರ್ಚಿ ಹಾಕಿಕೊಂಡು ಕೈ ಊರದೆ ಎಂಟು ಸಲ ಕೂತೇಳಿ. ಆಮೇಲೆ ಸಿಂಕಿನ ಕಡೆಯ ಕಟ್ಟೆಗೆ ಅಂಗೈ ಊರಿ, ಕಾಲು ಹಿಂದಕ್ಕಿಟ್ಟು, ಎಂಟು ದಂಡೆ. ಗ್ರಾನೈಟನ್ನು ಮೊದಲು ಒರೆಸಿಕೊಳ್ಳಿ, ಒದ್ದೆ ಕಲ್ಲಿನ ಮೇಲೆ ಕೈ ಜಾರುತ್ತದೆ. ಕೊನೆಗೆ ಹಿಮ್ಮಡಿ ಎತ್ತಿ ಇಳಿಸುವುದು ಹದಿನೈದು. ಹಾಲು ಇನ್ನೂ ಉಕ್ಕದಿದ್ದರೆ ಇನ್ನೊಂದು ಸುತ್ತು. ವಾರಕ್ಕೆ ಮೂರು ದಿನ ಸಾಕು. ಎರಡು ವಾರಕ್ಕೊಮ್ಮೆ ಎರಡೆರಡು ಹೆಚ್ಚಿಸಿ. ಹದಿನೈದು ಸಲೀಸಾದ ಮೇಲೆ ಕುರ್ಚಿ ತೆಗೆದು ಬಸ್ಕಿ.

ಕೆಡುವುದು ಎಲ್ಲಿ ಗೊತ್ತೇ? ಮೊದಲ ದಿನದ ಉತ್ಸಾಹಕ್ಕೆ ಐವತ್ತು ಬಸ್ಕಿ ಹೊಡೆಯುತ್ತಾರೆ. ಇಳಿಯುವಾಗ ತೊಡೆಯ ಸ್ನಾಯು ಎಳೆದುಕೊಂಡೇ ಭಾರ ಹೊರುವುದರಿಂದ ನೋವು ಮಾರನೇ ದಿನದಿಂದ ಮೂರನೇ ದಿನದವರೆಗೂ ಏರುತ್ತದೆ. ಬಸ್ಸಿನ ಮೆಟ್ಟಿಲು ಹತ್ತಲಾಗದೆ ‘ನನ್ನ ಕೈಲಾಗದು’ ಎಂದು ಬಿಡುತ್ತಾರೆ. ಇನ್ನೊಂದು, ಉಸಿರು ಬಿಗಿಹಿಡಿಯುವುದು. ಅದರಿಂದ ರಕ್ತದೊತ್ತಡ ಏರುತ್ತದೆ. ಏಳುವಾಗ ಉಸಿರು ಹೊರಗೆ ಬಿಡಿ. ಬಿ.ಪಿ., ಎದೆನೋವು, ಮಂಡಿನೋವು ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಇನ್ನು ನಡಿಗೆ. 1953ರಲ್ಲಿ ಲಂಡನ್ನಿನ ವೈದ್ಯ ಜೆರ‍್ರಿ ಮಾರಿಸ್ ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನವರ ಹೃದಯದ ಲೆಕ್ಕ ಪ್ರಕಟಿಸಿದರು. ಕೂತೇ ಇದ್ದ ಡ್ರೈವರುಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿದ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ. ದಿನಾ ಹೋಗಿಬರುವ ತೊಂಬತ್ತು ಕಿಲೋಮೀಟರು ನೀವು ಆ ಡ್ರೈವರಿನಂತೆ ಕೂತಿರುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮ ಹೇಳುತ್ತದೆ. ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು 2020ರಲ್ಲಿ ಕೈಬಿಟ್ಟಿದೆ. ಸಿಟಿ ಬಸ್ಸಿನಿಂದ ಎರಡು ಸ್ಟಾಪ್ ಮುಂಚೆ ಇಳಿದು ಹನ್ನೆರಡು ನಿಮಿಷ ನಡೆಯಿರಿ, ಸಂಜೆ ಅಷ್ಟೇ ನಡೆದು ಬಸ್ಸು ಹತ್ತಿ. ಆರು ದಿನಕ್ಕೆ 144 ನಿಮಿಷವಾಯಿತು, 150ಕ್ಕೆ ಆರೇ ಕಡಿಮೆ! ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು.

ಇಪ್ಪತ್ತೊಂದು ದಿನಕ್ಕೆ ಅಭ್ಯಾಸ ಕೂರುತ್ತದೆ ಎಂಬುದನ್ನು ನಂಬಬೇಡಿ. 2010ರಲ್ಲಿ ಪ್ರಕಟವಾದ ಫಿಲಿಪಾ ಲ್ಯಾಲಿ ಅವರ ಲಂಡನ್ ಅಧ್ಯಯನದಲ್ಲಿ ಮಧ್ಯಮ ಲೆಕ್ಕವೇ 66 ದಿನ. ಕೆಲವರಿಗೆ 18, ಕೆಲವರಿಗೆ 254. ನೀವು ಬಿಟ್ಟದ್ದು ಹತ್ತೊಂಬತ್ತಕ್ಕೆ! ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ ಎಂದೂ ಅಲ್ಲಿ ಕಂಡಿತು. ಹಬ್ಬಕ್ಕೋ ಮದುವೆಗೋ ತಪ್ಪಲಿ, ಮುಂದಿನ ಸರದಿಯ ಬೆಳಗ್ಗೆ ಹಾಲಿಟ್ಟಾಗ ಕುರ್ಚಿ ಎಳೆದುಕೊಳ್ಳಿ.

ನಡೆಯಿರಿ ಎಂದು ಬರೆಯುವಾಗ ಕೈ ತಡೆಯುತ್ತದೆ, ನಿಜ. ಫುಟ್‌ಪಾತ್ ಮೇಲೆ ಸ್ಕೂಟರು, ಚರಂಡಿಯ ಬಾಯಿಗೆ ಚಪ್ಪಡಿಯಿಲ್ಲ, ಸಂಜೆಯಾದರೆ ಬೆಳಕಿಲ್ಲ. ಹೆಂಗಸರಿಗೆ ‘ಮನೆಗೆಲಸವೇ ವ್ಯಾಯಾಮವಲ್ಲವೇ’ ಎನ್ನುವ ಗಂಡಸರು ಬೇರೆ. ವ್ಯಾಯಾಮವನ್ನು ಬದಿಗಿಡುವ ಈ ರೂಢಿ ಶುರುವಾಗುವುದು ಶಾಲೆಯಲ್ಲಿ. ಎಸ್ಸೆಸ್ಸೆಲ್ಸಿ ಬಂತೆಂದರೆ ಎಷ್ಟೋ ಕಡೆ ಪಿ.ಟಿ. ಪೀರಿಯಡ್ ಗಣಿತದ ಪಾಲು. ಮಕ್ಕಳಿದ್ದರೆ, ಮುಂದಿನ ಪೋಷಕರ ಸಭೆಯಲ್ಲಿ ವೇಳಾಪಟ್ಟಿ ಕೇಳಿ ಪಡೆಯಿರಿ. ಆ ಪೀರಿಯಡ್ಡಿನಲ್ಲಿ ಮಕ್ಕಳು ಮೈದಾನದಲ್ಲಿರುತ್ತಾರೋ ಬೆಂಚಿನ ಮೇಲೋ ಎಂದು ಮೇಷ್ಟ್ರನ್ನೇ ಕೇಳಿ.

— ಸಂಪಾದಕ