ಬರ್ಮಾದಲ್ಲಿ ದಂಗೆ, ಅಮೆರಿಕದಲ್ಲಿ ತುರ್ತುಪರಿಸ್ಥಿತಿ ಏಕೆ?

ಮಾನ್ಯರೇ,

ಬರ್ಮಾದ (ಮ್ಯಾನ್ಮಾರ್) ಸೇನೆ ಅಧಿಕಾರ ಕಸಿದುಕೊಂಡರೆ ಅಮೆರಿಕ ತನ್ನಲ್ಲಿ ತುರ್ತುಪರಿಸ್ಥಿತಿ ಸಾರುವುದೇಕೆ, ಅದನ್ನು ವರ್ಷವರ್ಷವೂ ಮುಂದುವರಿಸುತ್ತಿರುವುದು ನಿರ್ಬಂಧಗಳು ಸೋತಿವೆ ಎಂಬುದಕ್ಕೆ ಸಾಕ್ಷಿಯಲ್ಲವೇ ಎಂದು ತಾವು ಕೇಳಿದ್ದೀರಿ. 1975ನ್ನು ಕಂಡವರಿಗೆ ಆ ಪದ ಕಿವಿಗೆ ಬಿದ್ದೊಡನೆ ಸೆರೆಮನೆಯೂ ಸೆನ್ಸಾರೂ ನೆನಪಾಗುವುದು ಸಹಜ. ಇಲ್ಲಿ ಅದರ ಅರ್ಥ ಬೇರೆ. 1977ರ ಕಾಯ್ದೆಯೊಂದರ ಪ್ರಕಾರ, ಅಮೆರಿಕದ ಅಧ್ಯಕ್ಷರು ಹೊರದೇಶದವರ ಆಸ್ತಿಯನ್ನು ತಡೆಹಿಡಿಯಬೇಕಾದರೆ ಮೊದಲು ರಾಷ್ಟ್ರೀಯ ತುರ್ತುಪರಿಸ್ಥಿತಿಯನ್ನು ಘೋಷಿಸಲೇಬೇಕು.

2021ರ ಫೆಬ್ರುವರಿ 1ರಂದು ಸೇನೆ ಚುನಾಯಿತ ಸರ್ಕಾರದ ನಾಯಕಿ ಆಂಗ್ ಸಾನ್ ಸೂ ಕಿ ಅವರನ್ನೂ ಅಧ್ಯಕ್ಷ ವಿನ್ ಮಿಂಟ್ ಅವರನ್ನೂ ಬಂಧಿಸಿತು. ಮರುದಿನ ರಾತ್ರಿ ಎಂಟಕ್ಕೆ ಯಾಂಗೂನಿನ ಜನ ದುಷ್ಟಶಕ್ತಿಯನ್ನು ಓಡಿಸುವ ಹಳೆಯ ಪದ್ಧತಿಯಂತೆ ಕಿಟಕಿ, ಬಾಲ್ಕನಿಗಳಲ್ಲಿ ನಿಂತು ಪಾತ್ರೆ, ತಟ್ಟೆಗಳನ್ನು ಬಡಿದರು. ಬೈಡನ್ ಅವರ ತುರ್ತು ಆದೇಶ ಹೊರಬಿದ್ದದ್ದು ಫೆಬ್ರುವರಿ 10ರಂದು.

ಇಂಥ ಘೋಷಣೆಯ ಆಯುಷ್ಯ ಒಂದೇ ವರ್ಷ. ಅದು ತುಂಬುವ ಮುಂಚಿನ 90 ದಿನಗಳೊಳಗೆ ಮುಂದುವರಿಕೆಯ ಸೂಚನೆಯನ್ನು ಪ್ರಕಟಿಸಿ ಸಂಸತ್ತಿಗೆ ಕಳುಹಿಸದಿದ್ದರೆ, ಅದು ತಾನಾಗಿಯೇ ರದ್ದಾಗುತ್ತದೆ, ಜೊತೆಗೆ ಅದನ್ನೇ ನೆಚ್ಚಿಕೊಂಡ ತಡೆಗಳ ಬುಡವೂ ಕಳಚುತ್ತದೆ. ಆದ್ದರಿಂದ ಮುಂದುವರಿಕೆಯನ್ನು ಸೋಲಿನ ಒಪ್ಪಿಗೆಯೆಂದು ನಾನು ಓದುವುದಿಲ್ಲ. ಒಬಾಮಾ ಅವರು ಬರ್ಮಾ ಕುರಿತ 1997ರ ಹಳೆಯ ತುರ್ತುಪರಿಸ್ಥಿತಿಯನ್ನು 2016ರ ಅಕ್ಟೋಬರಿನಲ್ಲಿ ಕೊನೆಗೊಳಿಸಿದಾಗ ನಿರ್ಬಂಧಿತರ ಪಟ್ಟಿಯಿಂದ ಹೊರಬಂದ ಸೇನೆಯ ಎರಡು ದೈತ್ಯ ವ್ಯಾಪಾರ ಸಂಸ್ಥೆಗಳನ್ನು 2021ರ ಮಾರ್ಚಿನಲ್ಲಿ ಮತ್ತೆ ಅದೇ ಪಟ್ಟಿಗೆ ಸೇರಿಸಬೇಕಾಯಿತು.

ಸೋಲಿನ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. 2003ರಲ್ಲಿ ಅಮೆರಿಕ ಬರ್ಮಾದ ಸರಕಿನ ಆಮದನ್ನೆಲ್ಲ ನಿಷೇಧಿಸಿದಾಗ ಏಟು ತಿಂದವರಲ್ಲಿ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳೂ ಇದ್ದರು. ಈ ಸಲದ ಗುರಿ ಸೇನೆಯ ಜೇಬು. ಡಾಲರಿನ ಹೆಚ್ಚಿನ ಪಾವತಿಗಳು ಅಮೆರಿಕದ ಬ್ಯಾಂಕುಗಳ ಮೂಲಕವೇ ಹಾಯಬೇಕಾದ್ದರಿಂದ ತಡೆಗೆ ಬಲವಿದೆ. ಆದರೆ ಸೇನೆಗೆ ವಿದೇಶಿ ಹಣ ತರುವ ಸರ್ಕಾರಿ ತೈಲ ಮತ್ತು ಅನಿಲ ಸಂಸ್ಥೆಗೆ ಹಣಕಾಸು ಸೇವೆ ಒದಗಿಸಬಾರದೆಂಬ ಆದೇಶ ಜಾರಿಯಾದದ್ದು 2023ರ ಡಿಸೆಂಬರಿನಲ್ಲಿ. ಹಳ್ಳಿಗಳ ಮೇಲೆ ಬಾಂಬು ಬೀಳುತ್ತಿದ್ದಾಗ ಆದ ಈ ವಿಳಂಬವನ್ನು ನನ್ನಿಂದ ಸಮರ್ಥಿಸಲಾಗದು. 2025ರಲ್ಲಿ ಟ್ರಂಪ್ ಅವರು ತುರ್ತುಪರಿಸ್ಥಿತಿಯನ್ನು ಮುಂದುವರಿಸಿದರು. ಅದೇ ವರ್ಷದ ಜುಲೈನಲ್ಲಿ ಅವರ ಆಡಳಿತ ಸೇನೆಗೆ ಆಪ್ತರಾದ ಕೆಲವರನ್ನೂ ಅವರ ಕಂಪನಿಗಳನ್ನೂ ಪಟ್ಟಿಯಿಂದ ಕೈಬಿಟ್ಟಿತು. ತಮ್ಮ ಅಸಮಾಧಾನ ಸಲ್ಲಬೇಕಾದದ್ದು ಈ ಕೈಬಿಡುವಿಕೆಗೆ, ಮುಂದುವರಿಕೆಗಲ್ಲ.

— ಸಂಪಾದಕ