ಬ್ಲೋವರ್ ಸುಟ್ಟಿದ್ದು ಶುಕ್ರವಾರ, ಹಳ್ಳ ಕಪ್ಪಾಗಿದ್ದು ಭಾನುವಾರ

ಪ್ರಶ್ನೆ: ದಾವಣಗೆರೆ–ಹರಿಹರ ನಡುವಿನ ಕುಚ್ಚಲಕ್ಕಿ ಗಿರಣಿಯೊಂದರಲ್ಲಿ ನಾನು ಮೇಲ್ವಿಚಾರಕ. ಭತ್ತ ನೆನೆಸಿದ ನೀರನ್ನು ಶುದ್ಧೀಕರಿಸುವ ಘಟಕದಲ್ಲಿ ತೊಟ್ಟಿಗೆ ಗಾಳಿ ಊದುವ ಬ್ಲೋವರ್‌ನ ಮೋಟಾರ್ ಶುಕ್ರವಾರ ರಾತ್ರಿ ಸುಟ್ಟುಹೋಯಿತು. ಬದಲಿ ಮೋಟಾರ್ ಇರಲಿಲ್ಲ, ಗಿರಣಿಯನ್ನೂ ನಿಲ್ಲಿಸಲಿಲ್ಲ. ಭಾನುವಾರ ಕಪ್ಪು ನೀರು ಪಕ್ಕದ ಹಳ್ಳಕ್ಕೆ ಹರಿಯಿತು. ರೈತರು ದೂರು ಕೊಟ್ಟರು. ಸೋಮವಾರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಮಾದರಿ ತೆಗೆದುಕೊಂಡು ಹೋದರು. ಈಗ ಕಾರಣ ಕೇಳಿ ನೋಟಿಸ್ ಬಂದಿದೆ. ‘ಕೆಟ್ಟಿದ್ದು ಯಂತ್ರ, ನಮ್ಮದೇನು ತಪ್ಪು ಎಂದು ಬರೆಯಿರಿ’ ಎನ್ನುತ್ತಾರೆ ಮಾಲೀಕರು. ಹಾಗೆ ಬರೆದರೆ ಸಾಕೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಸಾಲದು. ಹಾಗೆ ಬರೆದರೆ ಕೆಡುತ್ತದೆ ಕೂಡ. ಮೋಟಾರ್ ಏಕೆ ಸುಟ್ಟಿತು ಎಂಬುದು ನೋಟಿಸಿನ ಸಣ್ಣ ಭಾಗ. ಸುಟ್ಟ ಮೇಲೆ ಸೋಮವಾರದವರೆಗೆ ಏನು ಮಾಡಿದಿರಿ ಎಂಬುದೇ ದೊಡ್ಡ ಭಾಗ. ಗಾಳಿ ನಿಂತ ತೊಟ್ಟಿಗೆ ಎರಡು ದಿನ ನೀರು ಬಿಟ್ಟವರು ಮನುಷ್ಯರು, ಮೋಟಾರ್ ಅಲ್ಲ.

1974ರ ಜಲ ಕಾಯ್ದೆಯ ಕಲಂ 31 ಇಂಥ ಸಂದರ್ಭಕ್ಕೆಂದೇ ಇದೆ. ಅಪಘಾತದಿಂದಲೋ ಅನಿರೀಕ್ಷಿತ ಘಟನೆಯಿಂದಲೋ ಕಲುಷಿತ ನೀರು ಹೊರಗೆ ಹೋದರೆ, ಹೋಗುವ ಸಂಭವವಿದ್ದರೂ, ಸ್ಥಳದ ಉಸ್ತುವಾರಿ ಹೊತ್ತವರು ಮಂಡಳಿಗೆ ಕೂಡಲೇ ತಿಳಿಸಬೇಕು. ಅಂದರೆ ಶುಕ್ರವಾರ ರಾತ್ರಿ, ಹಳ್ಳಕ್ಕೆ ಇನ್ನೂ ಒಂದು ಹನಿಯೂ ಹೋಗಿರದಾಗಲೇ, ನಿಮ್ಮ ಸರದಿ ಬಂದಿತ್ತು. ಒಂದು ಫೋನ್ ಕರೆ, ಬೆನ್ನಿಗೊಂದು ಇಮೇಲ್ ಹೋಗಿದ್ದರೆ ಇವತ್ತಿನ ಪತ್ರದ ಧಾಟಿಯೇ ಬೇರೆಯಾಗಿರುತ್ತಿತ್ತು. ನಿಮಗಿಂತ ಮೊದಲು ರೈತರು ತಿಳಿಸಿದರು. ಆ ಲೋಪವನ್ನು ಉತ್ತರದಲ್ಲಿ ನೀವೇ ಒಪ್ಪಿಕೊಳ್ಳಿ.

ಪತ್ರ ಎರಡು ಪುಟ ಮೀರದಿರಲಿ. ಗಂಟೆಯ ಲೆಕ್ಕದಲ್ಲಿ ಬರೆಯಿರಿ: ಎಷ್ಟಕ್ಕೆ ಬ್ಲೋವರ್ ನಿಂತಿತು, ಯಾರು ನೋಡಿದರು, ಯಾರಿಗೆ ಹೇಳಿದರು, ಭತ್ತ ನೆನೆಸುವುದನ್ನು ಯಾವಾಗ ನಿಲ್ಲಿಸಿದಿರಿ, ಅಂದಾಜು ಎಷ್ಟು ನೀರು ಹೊರಗೆ ಹೋಯಿತು, ಮೋಟಾರ್ ಯಾವಾಗ ಬಂತು. ರಿವೈಂಡಿಂಗ್ ರಸೀದಿ, ಫೋಟೊ, ಲಾಗ್‌ಬುಕ್ಕಿನ ಆ ದಿನಗಳ ಪುಟಗಳನ್ನು ಲಗತ್ತಿಸಿ. ಲಾಗ್‌ಬುಕ್ಕನ್ನು ಈಗ ಕೂತು ತುಂಬಿಸಬೇಡಿ. ಏಳು ದಿನದ ಬರಹ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಇರುವ ಪುಸ್ತಕಗಳನ್ನು ನಾನೇ ಎಷ್ಟೋ ನೋಡಿದ್ದೇನೆ. ಅಧಿಕಾರಿಗಳು ನನಗಿಂತ ಹೆಚ್ಚು ನೋಡಿರುತ್ತಾರೆ. ಘಟಕಕ್ಕೆ ಪ್ರತ್ಯೇಕ ವಿದ್ಯುತ್ ಮೀಟರ್ ಇದ್ದರೆ ಬ್ಲೋವರ್ ಓಡದ ದಿನಗಳನ್ನು ಅದೇ ಹೇಳಿಬಿಡುತ್ತದೆ.

ನೋಟಿಸಿನ ಗಡುವು ದಾಟಿಸಬೇಡಿ. ಕಲಂ 33-ಎ ಪ್ರಕಾರ ಗಿರಣಿ ಮುಚ್ಚಲು, ವಿದ್ಯುತ್ ಕಡಿತಗೊಳಿಸಲು ಆದೇಶಿಸುವ ಅಧಿಕಾರ ಮಂಡಳಿಗಿದೆ. ಮಾಲಿನ್ಯಕ್ಕಾಗಿ ಕಟ್ಟಿಸುವ ಪರಿಸರ ಪರಿಹಾರದ ಮೊತ್ತ ಹಾಕಿದರೆ, ಕೇಂದ್ರ ಮಂಡಳಿಯ ಸೂತ್ರದಲ್ಲಿ ಉಲ್ಲಂಘನೆಯ ದಿನಗಳ ಸಂಖ್ಯೆಯೂ ಒಂದು ಗುಣಕ. ಆದ್ದರಿಂದ ಘಟಕ ಸರಿಹೋದ ದಿನವೇ ‘ಬಂದು ಪರಿಶೀಲಿಸಿ’ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ.

ಇನ್ನು ತೊಟ್ಟಿಯ ಮಾತು. ನನಗೆ ಪತ್ರಕ್ಕಿಂತ ಇದರದ್ದೇ ಚಿಂತೆ, ಏಕೆಂದರೆ ಮೋಟಾರ್ ಕೂರಿಸಿದ ಮಾತ್ರಕ್ಕೆ ಘಟಕ ಸರಿಹೋಗುವುದಿಲ್ಲ. ನೀರನ್ನು ಶುದ್ಧ ಮಾಡುವುದು ಬ್ಲೋವರ್ ಅಲ್ಲ, ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು. ಅವಕ್ಕೆ ನೀರಿನಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ಭತ್ತ ನೆನೆಸಿದ ನೀರಿನಲ್ಲಿ ಪಿಷ್ಟ, ಸಕ್ಕರೆ ಧಾರಾಳ. ಗಾಳಿ ನಿಂತರೆ ಇದ್ದ ಆಮ್ಲಜನಕ ಬೇಗನೆ ಖಾಲಿಯಾಗುತ್ತದೆ. ಆಮೇಲೆ ಕೆಸರು ಕೊಳೆತು ಕಪ್ಪಾಗಿ ಕೊಳೆತ ಮೊಟ್ಟೆಯಂತೆ ನಾರುತ್ತದೆ. ರೈತರು ಕಂಡದ್ದು ಇದನ್ನೇ.

ಆ ಕೆಸರನ್ನು ಹಳ್ಳಕ್ಕೆ ಬಿಟ್ಟು ‘ತೊಟ್ಟಿ ತೊಳೆದೆವು’ ಎನ್ನಬೇಡಿ, ಅದು ಎರಡನೆಯ ಉಲ್ಲಂಘನೆ. ಹೆಚ್ಚಾದದ್ದನ್ನು ಕೆಸರು ಒಣಗಿಸುವ ಮರಳಿನ ಹಾಸಿನ ಮೇಲೆ ಹಾಕಿ, ಉಳಿದದ್ದಕ್ಕೆ ಒಂದೆರಡು ದಿನ ಹೊಸ ನೀರು ಬಿಡದೆ ಗಾಳಿ ಕೊಡಿ. ಚೆನ್ನಾಗಿ ಓಡುತ್ತಿರುವ ಬೇರೊಂದು ಘಟಕದಿಂದ ಜೀವಂತ ಕೆಸರು ತರಿಸಿದರೆ ಚೇತರಿಕೆ ಬೇಗ. ಸಗಣಿ ಕಲಸಿ ಹಾಕುವವರಿದ್ದಾರೆ. ತಪ್ಪಲ್ಲ, ನಿಧಾನ ಅಷ್ಟೆ. ಮೊದಲು ಮಾಮೂಲಿಯ ಕಾಲು ಭಾಗದಷ್ಟೇ ನೀರು ಬಿಟ್ಟು ಮೆಲ್ಲಗೆ ಏರಿಸಿ. ಸೂಕ್ಷ್ಮಜೀವಿಗಳಿಗೆ ಪೋಷಕಾಂಶವಾಗಿ ಯೂರಿಯಾ, ಡಿಎಪಿ ಹಾಕುವುದಿದ್ದರೆ ಬಿಒಡಿ (ನೀರಿನ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) 100ಕ್ಕೆ ಸಾರಜನಕ 5, ರಂಜಕ 1 ಎಂಬ ಅಳತೆ ಮೀರದಿರಲಿ. ದಿನಾ ಒಂದು ಲೀಟರ್ ಅಳತೆ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಕಂದು ಕೆಸರು ಕೆಳಗೆ ಕೂತು, ಮೇಲೆ ತಿಳಿನೀರು ನಿಂತು, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ದಾರಿಗೆ ಬಂದಿದೆ ಎಂದರ್ಥ. ಎರಡು ವಾರ ಹಿಡಿದರೂ ಆಶ್ಚರ್ಯವಿಲ್ಲ. ಹೊರಗೆ ಬಿಡುವ ಮುನ್ನ ಪ್ರಯೋಗಾಲಯದ ವರದಿ ಕೈಯಲ್ಲಿರಲಿ. ಮೇಲ್ಮೈ ಜಲಕ್ಕೆ ಬಿಡುವಾಗಿನ ಸಾಮಾನ್ಯ ಮಿತಿ ಲೀಟರಿಗೆ ಬಿಒಡಿ 30, ಸಿಒಡಿ (ಅದೇ ಕೊಳೆಯನ್ನು ರಾಸಾಯನಿಕದಿಂದ ಕರಗಿಸಲು ಬೇಕಾಗುವ ಆಮ್ಲಜನಕ) 250, ನೀರಿನಲ್ಲಿ ಕರಗದೆ ತೇಲಾಡುವ ಘನವಸ್ತು 100 ಮಿಲಿಗ್ರಾಂ. ಆದರೆ ಮಂಡಳಿ ನಿಮಗೆ ಕೊಟ್ಟ ಸಮ್ಮತಿ ಪತ್ರದಲ್ಲಿ ಏನು ಬರೆದಿದೆಯೋ ನಿಮಗೆ ಅದೇ ಅಂತಿಮ. ಹಳ್ಳಕ್ಕೆ ಬಿಡಲು ಅದರಲ್ಲಿ ಅನುಮತಿ ಇದೆಯೇ ಎಂದೂ ನೋಡಿಕೊಳ್ಳಿ.

ಮೋಟಾರ್ ಸುಟ್ಟದ್ದು ಏಕೆ ಎಂದು ನೀವು ಬರೆದಿಲ್ಲ. ಮೂರರಲ್ಲಿ ಒಂದು ಫೇಸ್ ಹೋದಾಗಲೂ ಮೋಟಾರ್ ಓಡುತ್ತಲೇ ಇದ್ದರೆ ವೈಂಡಿಂಗ್ ಕಾದು ಸುಡುತ್ತದೆ. ಅದನ್ನು ತಡೆಯುವ ಪ್ರಿವೆಂಟರ್ ಪ್ಯಾನೆಲ್‌ನಲ್ಲಿ ಇರುತ್ತದೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಯಾರೋ ಅದನ್ನು ಬೈಪಾಸ್ ಮಾಡಿಬಿಟ್ಟಿರುತ್ತಾರೆ. ಇವತ್ತೇ ತೆರೆದು ನೋಡಿ. ಬದಲಿ ಬ್ಲೋವರ್ ಖರೀದಿಗೆ ದಿನಾಂಕ ಹಾಕಿ ಪತ್ರದಲ್ಲಿ ಬರೆಯಿರಿ, ಬರೆದ ದಿನಕ್ಕೆ ಕೊಳ್ಳಿ.

ಕೊನೆಯದಾಗಿ, ದೂರು ಕೊಟ್ಟ ರೈತರ ಗದ್ದೆಗೆ ಹೋಗಿ ಬನ್ನಿ. ದನಕರುಗಳಿಗೆ ಸದ್ಯ ಆ ಹಳ್ಳದ ನೀರು ಕುಡಿಸಬೇಡಿ ಎಂದು ಹೇಳುವುದು ನಿಮ್ಮ ಕೆಲಸ. ಬೆಳೆಯ ಮಾತು ಬಂದೇ ಬರುತ್ತದೆ, ಅದಕ್ಕೆ ಮಾಲೀಕರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮೇಲ್ವಿಚಾರಕರ ಆಶ್ವಾಸನೆಯನ್ನು ಅಲ್ಲಿ ಯಾರೂ ನಂಬುವುದಿಲ್ಲ.