ಕ್ಯಾಥೋಲಿಕ್ ಧರ್ಮಾಧ್ಯಕ್ಷರ (ಬಿಷಪರ) ಲಾಂಛನದಲ್ಲಿ ಹಸಿರು ಟೋಪಿ, ಕುಚ್ಚುಗಳು ಏಕಿರುತ್ತವೆ? ಅದು ಅವರ ಮನೆತನದ ಗುರುತೇ?

ಹಾಸನದಲ್ಲಿ ಕೈಸೇರಿದ ಆಹ್ವಾನಪತ್ರಿಕೆಯ ಮೇಲೆ ಈ ಚಿತ್ರವನ್ನು ಕಂಡುದಾಗಿ ತಾವು ಬರೆದಿದ್ದೀರಿ. ನಾನು ಚಿಕ್ಕಮಗಳೂರಿನವನು, ನಮ್ಮೆರಡೂ ಜಿಲ್ಲೆಗಳು 1963ರಲ್ಲಿ ರಚನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೇ (ಒಬ್ಬ ಧರ್ಮಾಧ್ಯಕ್ಷರ ಆಡಳಿತದ ವ್ಯಾಪ್ತಿ) ಸೇರಿರುವುದರಿಂದ ಇಂತಹ ಪತ್ರಿಕೆಗಳನ್ನು ಚಿಕ್ಕಂದಿನಿಂದಲೂ ನೋಡುತ್ತ ಬಂದಿದ್ದೇನೆ.

ಅದು ಮನೆತನದ ಗುರುತಲ್ಲ. ಬೇಲೂರಿನಲ್ಲಿ ನಾವು ನೋಡುವ, ಸಳನು ಹುಲಿಯನ್ನು ಹೊಯ್ಯುವ ಲಾಂಛನವು ಒಂದು ವಂಶದ್ದು. ಧರ್ಮಾಧ್ಯಕ್ಷರದಾದರೋ ಒಬ್ಬ ವ್ಯಕ್ತಿಯದು, ಅವರ ನಂತರ ಪೀಠಕ್ಕೆ ಬರುವವರು ತಮ್ಮದನ್ನು ಬೇರೆಯಾಗಿಯೇ ರೂಪಿಸಿಕೊಳ್ಳುತ್ತಾರೆ.

ಲಾಂಛನದ ನಡುವೆ ಇರುವ ಗುರಾಣಿಯ ಹೊರಗೆ ಕಾಣುವುದೆಲ್ಲ ಪದವಿಯ ಗುರುತು; ಅಲ್ಲಿ ಸ್ವಂತ ಆಯ್ಕೆಗೆ ಎಡೆಯಿಲ್ಲ. ಅಗಲ ಅಂಚಿನ ಟೋಪಿಯು ಧರ್ಮಾಧ್ಯಕ್ಷರಿಗೆ ಹಸಿರು, ಪೋಪರನ್ನು ಆರಿಸುವ ಹಿರಿಯರಾದ ಕಾರ್ಡಿನಲ್‌ಗಳಿಗೆ ಕೆಂಪು, ಸಾಮಾನ್ಯ ಗುರುಗಳಿಗೆ ಕಪ್ಪು. ಕುಚ್ಚುಗಳನ್ನು ಒಂದು ಬದಿಯಲ್ಲಿ ಮಾತ್ರ ಎಣಿಸಿ: ಒಂದು, ಎರಡು, ಮೂರು ಎಂದು ಸಾಲುಸಾಲಾಗಿ ಇಳಿದು 6 ಆದರೆ ಧರ್ಮಾಧ್ಯಕ್ಷರು, ನಾಲ್ಕರ ಸಾಲೂ ಸೇರಿ 10 ಆದರೆ ಮಹಾಧರ್ಮಾಧ್ಯಕ್ಷರು, ಐದರ ಸಾಲೂ ಸೇರಿ 15 ಆದರೆ ಕಾರ್ಡಿನಲ್. ಹಿಂದಿರುವ ಶಿಲುಬೆಗೆ ಧರ್ಮಾಧ್ಯಕ್ಷರಲ್ಲಿ ಒಂದು ಅಡ್ಡಪಟ್ಟಿ, ಮಹಾಧರ್ಮಾಧ್ಯಕ್ಷರಲ್ಲಿ ಎರಡು. ಹಳೆಯ ಲಾಂಛನಗಳಲ್ಲಿ ಮೈಟರ್ ಎಂಬ ಶಿರೋವಸ್ತ್ರವೂ ಕುರುಬನ ಕೋಲಿನಂತಹ ದಂಡವೂ ಇರುತ್ತಿದ್ದವು. 1969ರಲ್ಲಿ ವ್ಯಾಟಿಕನ್ ಅವುಗಳನ್ನು ಕೈಬಿಡುವಂತೆ ಸೂಚಿಸಿತು.

ಗುರಾಣಿಯ ಒಳಗಿನದು ಮಾತ್ರ ಅವರವರ ಭಕ್ತಿಗೆ, ಬದುಕಿಗೆ ಬಿಟ್ಟದ್ದು. ಬ್ಯೂನಸ್ ಐರಿಸ್‌ನ ಮಹಾಧರ್ಮಾಧ್ಯಕ್ಷರಾಗಿದ್ದ ಫ್ರಾನ್ಸಿಸರು 2013ರಲ್ಲಿ ಪೋಪ್ ಆದಾಗ ಟೋಪಿ, ಕುಚ್ಚುಗಳು ಹೋಗಿ ಮೈಟರ್ ಮತ್ತು ಎರಡು ಬೀಗದಕೈಗಳು ಬಂದವು (ಪೋಪರಿಗೆ ಮೈಟರ್ ಇದ್ದೇ ಇದೆ), ಆದರೆ ನೀಲಿ ಗುರಾಣಿಯ ಚಿಹ್ನೆಗಳು ಹೆಚ್ಚುಕಡಿಮೆ ಮೊದಲಿನವೇ ಉಳಿದವು. ಅದರಲ್ಲಿ ಅವರು ಸೇರಿದ್ದ ಯೇಸುಸಭೆ ಎಂಬ ಗುರುಗಳ ಸಂಘದ (ಜೆಸ್ವಿಟ್) ಸೂರ್ಯಚಿಹ್ನೆ, ಕೆಳಗೆ ಒಂದು ನಕ್ಷತ್ರ, ಪಕ್ಕದಲ್ಲಿ ಗೊಂಚಲಿನಂತಹುದೊಂದು ಇದೆ. ಆ ಗೊಂಚಲನ್ನು ದ್ರಾಕ್ಷಿಯೆಂದು ತಿಳಿದವರು ಬಹಳ ಮಂದಿ, ನಾನೂ ಅವರಲ್ಲೊಬ್ಬ. ವಾಸ್ತವದಲ್ಲಿ ಅದು ಜಟಾಮಾಂಸಿಯ ಹೂ. ಸ್ಪ್ಯಾನಿಷ್ ಭಾಷಿಕರ ಚಿತ್ರಪರಂಪರೆಯಲ್ಲಿ ಸಂತ ಜೋಸೆಫರು ಅದರ ಕೊಂಬೆಯನ್ನು ಹಿಡಿದಿರುತ್ತಾರಾದ್ದರಿಂದ ಹೂವು ಅವರನ್ನೂ, ನಕ್ಷತ್ರವು ಮಾತೆ ಮರಿಯಮ್ಮನವರನ್ನೂ ಸೂಚಿಸುತ್ತದೆ. ನಮ್ಮ ಚಿಕ್ಕಮಗಳೂರಿನ ಪ್ರಧಾನಾಲಯವು (ಧರ್ಮಾಧ್ಯಕ್ಷರ ಮುಖ್ಯ ಚರ್ಚು) ಸಂತ ಜೋಸೆಫರ ಹೆಸರಿನದೇ. ಆದರೂ ಅವರ ಕೈಯಲ್ಲಿ ಲಿಲಿ ಹೂವನ್ನೇ ನೋಡಿ ರೂಢಿಯಾದ ನಮಗೆ ಇದು ಹೊಳೆಯುವುದಾದರೂ ಹೇಗೆ?

ಆದ್ದರಿಂದ ತಮ್ಮ ಪತ್ರಿಕೆಯ ಗುರಾಣಿಯಲ್ಲಿ ಬೆಟ್ಟವೋ ನದಿಯೋ ಕಂಡರೆ ಅದು ಹುಟ್ಟೂರಿನದೆಂದು ಒಮ್ಮೆಲೇ ತೀರ್ಮಾನಿಸಬೇಡಿ. ಗುರಾಣಿಯ ಕೆಳಗೆ ರಿಬ್ಬನ್ನಿನಂತಹ ಪಟ್ಟಿಯ ಮೇಲಿರುವ ಧ್ಯೇಯವಾಕ್ಯವನ್ನು ಮೊದಲು ಓದಿ. ಅದು ಬೈಬಲ್ಲಿನ ಯಾವುದಾದರೂ ವಚನವಾಗಿದ್ದರೆ ಚಿತ್ರದ ಅರ್ಥವೂ ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ.